ಬೀಗ ಹಾಕಿದ ಓಪನ್ ಜಿಮ್

ಹಾಸನದ ಮೂಳೆ ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾರದೋ ಸೈಟಿನ ನಕ್ಷೆ ನೋಡುವವರ ಹಾಗೆ ಒಮ್ಮೆ ನೋಡಿ, "ಸವೆದಿದೆ" ಎಂದರು. ಮೂವತ್ತೊಂದು ವರ್ಷ ಕರಿಹಲಗೆಯ ಮುಂದೆ ನಿಂತು ಗಣಿತ ಹೇಳಿಕೊಟ್ಟ ಮಂಡಿ ಸವೆಯದೆ ಇನ್ನೇನು ಚಿಗುರುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಇನ್ನೂ ಹತ್ತಾರು ಜೊತೆ ಮಂಡಿಗಳು ಕಾಯುತ್ತಿದ್ದವು.

"ಮಾತ್ರೆ ಕಡಿಮೆ, ವ್ಯಾಯಾಮ ಜಾಸ್ತಿ. ದಿನಾ ಮುಕ್ಕಾಲು ಗಂಟೆ ನಡೀರಿ. ಸಾಧ್ಯ ಆದ್ರೆ ಜಿಮ್‌ಗೆ ಸೇರ್ಕೊಳ್ಳಿ. ತೊಡೆ ಗಟ್ಟಿಯಾದ್ರೆ ಮಂಡಿ ಉಳಿಯುತ್ತೆ," ಎಂದರು ಡಾಕ್ಟರು.

ಎಲ್ಲಿ ನಡೆಯಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಳೆನರಸೀಪುರದಂಥ ಊರಿನಲ್ಲಿ ಕಾಲು ಹಾಕುವುದಕ್ಕೂ ಜಾಗ ಹುಡುಕಬೇಕಾದೀತು ಎಂದು ಆಗ ನನಗೆ ಹೊಳೆದಿರಲಿಲ್ಲ.

ನಮ್ಮ ಯಜಮಾನರಿಗೆ ಈ ತೊಂದರೆ ಇರಲಿಲ್ಲ. ಅವರು ಬೆಳಿಗ್ಗೆ ಆರಕ್ಕೆ ಬಿಳಿ ಬೂಟು ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನವರೆಗೆ ನಡೆದುಹೋಗಿ, ಅಲ್ಲಿ ಮೂರು ಜನ ಗೆಳೆಯರ ಜೊತೆ ಎರಡು ಸಲ ಕಾಫಿ ಕುಡಿದು, ಒಂದು ವಡೆ ತಿಂದು, ಯಾರಾದರೊಬ್ಬರ ಸ್ಕೂಟರಿನಲ್ಲಿ ವಾಪಸ್ಸು ಬರುತ್ತಿದ್ದರು. ಇದಕ್ಕೆ ವಾಕಿಂಗ್ ಎಂದು ಹೆಸರು. ಗಂಡಸರಿಗೆ ಊರು ತುಂಬ ವ್ಯಾಯಾಮಶಾಲೆಗಳೇ. ಪ್ರತಿ ವ್ಯಾಯಾಮಶಾಲೆಯಲ್ಲೂ ಫಿಲ್ಟರ್ ಕಾಫಿ ಸಿಗುತ್ತದೆ.

ಮಾರನೆಯ ದಿನ ನಾನೂ ಹೊರಟೆ. ನಮ್ಮ ಬಡಾವಣೆಯಿಂದ ಅರಕಲಗೂಡು ರಸ್ತೆಗೆ ಬಿದ್ದು ಹತ್ತು ನಿಮಿಷ ನಡೆದಿರಬಹುದು. ಪಕ್ಕದಲ್ಲಿ ಒಂದು ಬೈಕ್ ನಿಂತಿತು.

"ಮಿಸ್, ಯಾಕ್ ಮಿಸ್ ನಡ್ಕೊಂಡ್ ಓಯ್ತಾ ಇದೀರಾ? ಅತ್ತಿ, ಬಿಡ್ತೀನಿ."

ಯಾವ ವರ್ಷದ ವಿದ್ಯಾರ್ಥಿಯೋ ನೆನಪಾಗಲಿಲ್ಲ. ವಾಕಿಂಗ್ ಮಾಡುತ್ತಿದ್ದೇನೆ ಕಣಪ್ಪ ಎಂದೆ. ಅವನು ನಕ್ಕು ಹೋದ. ಐದು ನಿಮಿಷಕ್ಕೆ ಇನ್ನೊಬ್ಬ, ಹಾಲಿನ ಕ್ಯಾನು ಕಟ್ಟಿದ ಗಾಡಿಯಲ್ಲಿ. ಆಮೇಲೆ ಒಬ್ಬಳು, ಸ್ಕೂಟಿಯಲ್ಲಿ, ಮಗುವನ್ನು ಮುಂದೆ ನಿಲ್ಲಿಸಿಕೊಂಡು. ಮೂರನೆಯ ದಿನ ಒಬ್ಬ ದಡೂತಿ ಆಸಾಮಿ ಕಾರು ನಿಲ್ಲಿಸಿ, ಬಾಗಿಲು ತೆಗೆದು, "ನೀವ್ ಬಿಸ್ಲಲ್ಲಿ ನಡಿಯೋದ ನೋಡ್ಕೊಂಡು ನಾನು ಓಗ್ಲಾ ಮಿಸ್?" ಎಂದು ಕಣ್ಣಲ್ಲಿ ನೀರು ತರಿಸಿಕೊಂಡು ನನ್ನನ್ನು ಕೂರಿಸಿಯೇಬಿಟ್ಟ. ಬೆಳಗಿನ ಆರೂವರೆಗೆ ಯಾವ ಬಿಸಿಲೋ! ಎಂಟನೆಯ ತರಗತಿಯಲ್ಲಿ ಎರಡು ಸಲ ಫೇಲಾದ ಹುಡುಗ. ಗುರುಭಕ್ತಿಯಲ್ಲಿ ಮಾತ್ರ ರ್‍ಯಾಂಕು. ಮನೆ ಬಾಗಿಲಿಗೆ ತಂದು ಬಿಟ್ಟು ಹೋದ. ಅವತ್ತಿನ ನನ್ನ ನಡಿಗೆ ಒಟ್ಟು ನೂರಿಪ್ಪತ್ತು ಹೆಜ್ಜೆ. ಭಕ್ತಿ ತಪ್ಪಿಸಿಕೊಳ್ಳಲು ರಸ್ತೆಯ ಅಂಚಿಗೆ ಸರಿದರೆ ಅಲ್ಲಿ ಚರಂಡಿಯ ಬಾಯಿ, ಅದರಾಚೆ ಒಂದು ನಾಯಿ ಸಂಸಾರ.

ಆಗ ನೆನಪಾದದ್ದು ಶಾಲೆಯ ಮೈದಾನ. ನಾನು ಕೆಲಸ ಮಾಡಿದ ಶಾಲೆಯದು ಒಳ್ಳೆಯ ಮೈದಾನ. ಸುತ್ತ ಬೇವಿನ ಮರ, ನೆಲ ಸಮ, ವಾಹನ ಇಲ್ಲ. ಬೆಳಿಗ್ಗೆ ಒಂಬತ್ತರವರೆಗೆ ಅಲ್ಲಿ ಕಾಗೆ ಬಿಟ್ಟರೆ ಯಾರೂ ಇರುವುದಿಲ್ಲ. ಗೇಟಿನ ಹತ್ತಿರ ಹೋದೆ. ಹೊಸ ಸೆಕ್ಯೂರಿಟಿಯವನು ಬೋರ್ಡು ತೋರಿಸಿದ: ಹೊರಗಿನವರಿಗೆ ಪ್ರವೇಶವಿಲ್ಲ.

"ನಾನು ಹೊರಗಿನವಳಲ್ಲಪ್ಪ. ಮೂವತ್ತೊಂದು ವರ್ಷ ಒಳಗೇ ಇದ್ದೆ," ಎಂದೆ.

"ಈಗ ಒರಗಿದೀರಲ್ಲ ಅಮ್ಮ," ಎಂದ ಅವನು. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ನಾನು ಹಿಂದಿರುಗಿದೆ.

ಹಾಸನದಲ್ಲಿ ನನ್ನ ತಂಗಿ ಇದ್ದಾಳೆ. ವಿಷಯ ಕೇಳಿ, "ಜಿಲ್ಲಾ ಕೇಂದ್ರಕ್ಕೆ ಬಾ, ಇಲ್ಲಿ ಬೀದಿಗೊಂದು ಜಿಮ್ ಇದೆ" ಎಂದು ಹೆಮ್ಮೆಯಿಂದ ಕರೆದಳು. ಹೋಗಿ ನಾಲ್ಕು ದಿನ ಉಳಿದೆ. ಅವಳ ಮನೆಯ ಹತ್ತಿರದ ಜಿಮ್ ಹಾರ್ಡ್‌ವೇರ್ ಅಂಗಡಿಯ ಮೇಲೆ, ಎರಡನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಮಂಡಿನೋವಿನವರು ಮಂಡಿ ಸರಿಮಾಡಿಕೊಳ್ಳಲು ಮೂವತ್ತೆಂಟು ಮೆಟ್ಟಿಲು ಹತ್ತಬೇಕಾದ ಆ ಏರ್ಪಾಡನ್ನು ಕಂಡು, ಇದನ್ನು ಕಟ್ಟಿದವನು ಖಂಡಿತ ನನ್ನ ವಿದ್ಯಾರ್ಥಿಯೇ ಇರಬೇಕೆಂದುಕೊಂಡೆ. ಕಂಬಿ ಹಿಡಿದು, ನಿಂತು ನಿಂತು ಹತ್ತಿದೆ. ಮೇಲೆ ಡೋಲು, ನಗಾರಿ, ಇನ್ನೇನೇನೋ ಒಟ್ಟಿಗೆ ಬಡಿಯುವ ಹಾಡು ಎದೆಗೆ ಗುದ್ದುತ್ತಿತ್ತು. ಗೋಡೆಯ ತುಂಬ ಕನ್ನಡಿ. ಅಷ್ಟೂ ಕನ್ನಡಿಗಳಲ್ಲಿ ಹತ್ತಿಯ ಸೀರೆಯುಟ್ಟು ಏದುಸಿರು ಬಿಡುತ್ತಿರುವ ಒಬ್ಬಳೇ ಮುದುಕಿ.

ಬಿಗಿ ಬನಿಯನ್ನಿನ ಟ್ರೈನರ್ ಬಹಳ ವಿನಯದಿಂದಲೇ ಕೇಳಿದ: "ಆಂಟಿ, ನಿಮ್ ಟಾರ್ಗೆಟ್ ಏನು? ವೇಯ್ಟ್ ಲಾಸಾ, ಟೋನಿಂಗಾ?"

"ಕಕ್ಕಸಿನಿಂದ ಕೈಯೂರದೆ ಏಳೋದು," ಎಂದೆ.

ಪಾಪ, ಅವನ ಫಾರಂನಲ್ಲಿ ಆ ಕಾಲಂ ಇರಲಿಲ್ಲ. ಸ್ವಲ್ಪ ಯೋಚಿಸಿ "ಅದರ್ಸ್" ಎಂದು ಗುರುತು ಹಾಕಿಕೊಂಡ. ಹೆಂಗಸರ ಸಮಯ ಹನ್ನೊಂದರಿಂದ ಹನ್ನೆರಡು ಎಂದ. ಅಂದರೆ ಮನೆಯಲ್ಲಿ ಅನ್ನ ಸಾರು ಆಗಬೇಕಾದ ಹೊತ್ತು. ಇಳಿಯುವಾಗ ಮಂಡಿ ಇನ್ನೂ ಜೋರಾಗಿ ನೋಯಿತು. ಇಳಿದವಳು ಮತ್ತೆ ಹತ್ತಲಿಲ್ಲ.

ಊರಿಗೆ ಬಂದಾಗ ನಮ್ಮ ಬಡಾವಣೆಯಲ್ಲಿ ಸಂಭ್ರಮ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ಪಾರ್ಕಿನಲ್ಲಿ ಓಪನ್ ಜಿಮ್ ಮಾಡಿಸಿದ್ದರು. ಹಳದಿ ನೀಲಿ ಬಣ್ಣದ ಏಳು ಯಂತ್ರಗಳು, ಸುತ್ತ ನಡೆಯಲು ಕಲ್ಲು ಹಾಸಿದ ದಾರಿ. ಶಾಮಿಯಾನ, ಟೇಪು ಕತ್ತರಿಸುವುದು, ಹಾರ, ಭಾಷಣ ಎಲ್ಲ ಆಯಿತು. ಸಂಘದ ಅಧ್ಯಕ್ಷರು ನಿವೃತ್ತ ಇಂಜಿನಿಯರು, ಅಚ್ಚುಕಟ್ಟಿನ ಮನುಷ್ಯ. "ಇದು ವಿಶೇಷವಾಗಿ ನಮ್ಮ ಹಿರಿಯ ನಾಗರಿಕರ ಆರೋಗ್ಯಕ್ಕಾಗಿ" ಎಂದು ಅವರು ಹೇಳಿದಾಗ ನಾನೂ ಜೋರಾಗಿಯೇ ಚಪ್ಪಾಳೆ ತಟ್ಟಿದೆ. ಅಧ್ಯಕ್ಷರು ಒಂದು ಸೈಕಲ್ ಯಂತ್ರದ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಆಮೇಲೆ ಎಲ್ಲರಿಗೂ ಮೈಸೂರುಪಾಕು, ಖಾರಾಬೂಂದಿ ಹಂಚಿ, ಗೇಟಿಗೆ ಬೀಗ ಹಾಕಿದರು.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಹೋದರೆ ಬೀಗ ಹಾಗೇ ಇತ್ತು. ಬೋರ್ಡು ಬಂದಿತ್ತು: ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಹಳ್ಳಿಮೈಸೂರು ಕಡೆಯ ಕಾವಲುಗಾರ ಒಳಗೆ ನೀರು ಹಾಕುತ್ತಿದ್ದ.

"ತೆಗಿಯಪ್ಪ," ಎಂದೆ.

"ತೆಗ್ಯಂಗಿಲ್ಲ ಕಣಮ್ಮ. ಅಧ್ಯಕ್ಷ್ರು ಏಳವ್ರೆ. ಜನ ಬಂದ್ರೆ ಮಿಷಿನ್ನು ಆಳಾಯ್ತವಂತೆ."

"ಜನ ಬರದೆ ಇದ್ದರೆ?"

"ಬರ್ದೆ ಓದ್ರೆ ಚೆನ್ನಾಗಿರ್ತವೆ," ಎಂದ, ಪ್ರಾಮಾಣಿಕವಾಗಿ.

ಒಂದು ದಿನ ಹತ್ತಕ್ಕೇ ಹೋಗಿ ನೋಡಿದೆ. ಏಪ್ರಿಲ್ ತಿಂಗಳು. ಕಬ್ಬಿಣದ ಹಿಡಿ ಮುಟ್ಟಿದರೆ ದೋಸೆ ಹೆಂಚು ಮುಟ್ಟಿದ ಹಾಗಿತ್ತು.

ನಮ್ಮ ಎದುರು ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ದುದ್ದದ ಕಡೆಯವರು. ನಲವತ್ತು ವರ್ಷ ಹಸು ಸಾಕಿದವರು. ಹುಲ್ಲು ಹೊರೆ, ಸಗಣಿ ಮಂಕರಿ, ರಾಗಿ ಮೂಟೆ ಎಲ್ಲ ಹೊತ್ತವರು. ಮಗಳು ಅಳಿಯ ಇಬ್ಬರೂ ಇಲ್ಲೇ ಕೆಲಸದಲ್ಲಿದ್ದಾರೆ, ಮೊಮ್ಮಗಳನ್ನು ನೋಡಿಕೊಳ್ಳಲು ಎಂದು ಹಸು ಮಾರಿಸಿ ಕರೆದುಕೊಂಡು ಬಂದರು. ಮೊಮ್ಮಗಳು ಬೆಳೆದು ತನ್ನಷ್ಟಕ್ಕೆ ತಾನು ಶಾಲೆಗೆ ಹೋಗತೊಡಗಿದಳು. ಅಕ್ಕನಿಗೆ ಮಾಡಲು ಏನೂ ಉಳಿಯಲಿಲ್ಲ. ಮಗಳು ಒಳ್ಳೆಯವಳು, ತಾಯಿಗೆ ಕಸ ಗುಡಿಸುವುದಕ್ಕೂ ಬಿಡಲಿಲ್ಲ. ಸುಖದ ಮೂರನೆಯ ವರ್ಷಕ್ಕೆ ಅಕ್ಕನಿಗೆ ಕುರ್ಚಿಯಿಂದ ಏಳಲು ಇನ್ನೊಬ್ಬರ ಕೈ ಬೇಕಾಯಿತು.

"ಕೂತ್ಕೂತೇ ಕಾಲು ಕೊಳ್ತೋಯ್ತು ಕಣವ್ವಾ," ಎನ್ನುತ್ತಿದ್ದರು. ಓಪನ್ ಜಿಮ್ಮಿನ ಕಥೆ ಹೇಳಿದಾಗ ಬಾಯಿಗೆ ಸೆರಗು ಹಿಡಿದು ನಕ್ಕರು. "ಬುಡವ್ವ, ಕಬ್ಣಕ್ಕೆ ವಯಸ್ಸಾಗ್ಬಾರ್ದು ಅಂತ ಬೀಗ ಆಕವ್ರೆ. ನಮ್ಗೆ ಆದ್ರೆ ಏನಂತೆ?"

ಆಷಾಢ ಬಂತು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಕಲ್ಯಾಣಮಂಟಪವಿದೆ. ಮದುವೆ ಇಲ್ಲದ ತಿಂಗಳು. ಇಷ್ಟಗಲ ಹಾಲ್, ನುಣುಪು ನೆಲ, ಫ್ಯಾನು, ಬಚ್ಚಲು, ನೂರಾರು ಪ್ಲಾಸ್ಟಿಕ್ ಕುರ್ಚಿ. ಅದರ ಮುಂದೆ ಹಾದು ಹೋಗುವಾಗ ಥಟ್ಟನೆ ಯೋಚನೆ ಬಂತು. ಮ್ಯಾನೇಜರನ್ನು ಕೇಳಿದೆ. ಅವರು ದೇವಸ್ಥಾನದ ಮನೆತನದವರು, ವಯಸ್ಸಾದವರೆಂದರೆ ಮರ್ಯಾದೆ.

"ಆಷಾಢದಲ್ಲಿ ಇಲಿ ಬಿಟ್ರೆ ಇಲ್ಲಿಗೆ ಯಾರೂ ಬರಲ್ಲಮ್ಮ. ಧಾರಾಳವಾಗಿ ಬನ್ನಿ. ಚಪ್ಪಲಿ ಹೊರಗೆ ಬಿಡಿ, ಅಷ್ಟೆ," ಎಂದರು.

ಜಾಗ ಸಿಕ್ಕಿತು. ಹೇಳಿಕೊಡುವವರು ಬೇಕಲ್ಲ? ನಮ್ಮ ಶಾಲೆಯಲ್ಲಿದ್ದ ಪಿ.ಟಿ. ಮೇಡಂ ಎರಡು ಬೀದಿಯಾಚೆ ಇದ್ದಾರೆ. ಅವರ ಮನೆಗೆ ಹೋಗುವುದಕ್ಕೆ ನನಗೆ ಸ್ವಲ್ಪ ಮುಜುಗರ. ಸೇವೆಯಲ್ಲಿದ್ದಷ್ಟು ವರ್ಷವೂ ಸಿಲಬಸ್ ಮುಗಿದಿಲ್ಲ ಎಂದು ನಾನು ಅವರ ಆಟದ ಪೀರಿಯಡ್ಡನ್ನು ಕಿತ್ತುಕೊಂಡು ಬೀಜಗಣಿತ ಮಾಡಿದವಳು. ಪರೀಕ್ಷೆ ಹತ್ತಿರ ಬಂದರೆ ಹುಡುಗಿಯರು ಮೈದಾನದ ಮುಖವನ್ನೇ ನೋಡುತ್ತಿರಲಿಲ್ಲ. ಓಡಿದರೆ ಏನು ಬರುತ್ತದೆ, ಮಾರ್ಕ್ಸು ಬರುತ್ತದೆಯೇ ಎಂದು ಅವರ ಮುಖಕ್ಕೇ ಕೇಳಿದ್ದೂ ಉಂಟು.

ಎಲ್ಲ ಕೇಳಿಸಿಕೊಂಡು ಮೇಡಂ ನಿಧಾನವಾಗಿ ಕಾಫಿಯ ಲೋಟ ಕೆಳಗಿಟ್ಟರು. "ಮೂವತ್ತು ವರ್ಷ ನನ್ನ ಪೀರಿಯಡ್ ತಗೊಂಡ್ರಿ. ಈಗ ವಾಪಸ್ ಕೊಡೋಕೆ ಬಂದಿದೀರಾ?"

"ಬಡ್ಡಿ ಸಮೇತ," ಎಂದೆ.

"ಸಿಲಬಸ್ ಮುಗೀತಾ?"

ನಾನು ತಲೆ ತಗ್ಗಿಸಿದೆ. ಅವರು ಒಳಗೆ ಹೋಗಿ ಹಳೆಯ ವಿಸಿಲ್ ಹುಡುಕಿಕೊಂಡು ಬಂದರು.

ಮೊದಲ ದಿನ ನಾಲ್ಕೇ ಜನ: ಮೇಡಂ, ನಾನು, ಅಕ್ಕ, ಮತ್ತು ಹಿಂದಿನ ಬೀದಿಯ ಜೈನರ ಮನೆಯ ಹಿರಿಯ ಹೆಂಗಸೊಬ್ಬರು. ಅವರಿಗೆ ಶ್ರವಣಬೆಳಗೊಳದ ಬೆಟ್ಟವನ್ನು ಡೋಲಿ ಇಲ್ಲದೆ ಹತ್ತಬೇಕೆಂಬ ಆಸೆ. ಅಕ್ಕನನ್ನು ಕರೆತರುವುದೇ ಒಂದು ಸಾಹಸವಾಯಿತು. "ಮದ್ವೆ ಮನೇಲಿ ಕೈ ಕಾಲು ಆಡ್ಸದಾ? ನೋಡ್ದೋರು ಏನಂದಾರು?" ಎಂದು ಒಂದು ವಾರ ಒಪ್ಪಿರಲಿಲ್ಲ. ಕೊನೆಗೆ, ಸುಮ್ಮನೆ ಬಂದು ನಮ್ಮನ್ನು ನೋಡಿ ನಗಿ, ಎಂದು ಕರೆದೆ. ಅದಕ್ಕೆ ತಕ್ಷಣ ಹೊರಟರು.

ಮೇಡಂ ನಮ್ಮನ್ನು ಓಡಿಸಲಿಲ್ಲ, ಕುಣಿಸಲಿಲ್ಲ. ಕುರ್ಚಿಯ ಮೇಲೆ ಕೂರಿಸಿ, "ಕೈ ಊರದೆ ಎದ್ದೇಳಿ" ಎಂದರು. ಅಷ್ಟೇ ಪಾಠ. ಏಳುವುದು, ಕೂರುವುದು. ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಹಿಮ್ಮಡಿ ಎತ್ತುವುದು. ನಾನು ಮೂರು ಸಲ ಎದ್ದು ಬೆವರಿದೆ. ಅಕ್ಕ ಮೊದಲ ದಿನ ಒಂದು ಸಲವೂ ಏಳಲಾಗದೆ, ಮೇಡಮ್ಮಿನ ಕೈ ಹಿಡಿದು ಎದ್ದು, ಯಾರನ್ನೂ ನೋಡದೆ ಮತ್ತೆ ಕೂತರು. ಅವತ್ತು ಅವರು ನಗಲಿಲ್ಲ. ದಾರಿಯಲ್ಲಿ ಬರುವಾಗ, "ಉಲ್ಲು ಒರೆ ಒತ್ಕೊಂಡು ಏರಿ ಅತ್ತೋಳು ನಾನು. ಕುರ್ಚಿ ಗೆಲ್ಬುಡ್ತಲ್ಲವ್ವ ನನ್ನ," ಎಂದರು. ಮಾರನೆಯ ದಿನ ಕರೆಯುವ ಮೊದಲೇ ಗೇಟಿನಲ್ಲಿ ನಿಂತಿದ್ದರು.

ತಿಂಗಳು ಮುಗಿಯುವಷ್ಟರಲ್ಲಿ ಹದಿನೇಳು ಜನವಾದೆವು. ಹತ್ತಿರ ಇತ್ತು, ನೆರಳಿತ್ತು, ಕೂರಲು ಕುರ್ಚಿ ಇತ್ತು, ನೋಡಿ ನಗುವ ಗಂಡಸರು ಇರಲಿಲ್ಲ. ಹೆಂಗಸರಿಗೆ ವ್ಯಾಯಾಮದಲ್ಲಿ ಆಸಕ್ತಿಯೇ ಇಲ್ಲ ಎಂದು ಅದುವರೆಗೆ ಊರಿನ ಪ್ರತಿ ಹೋಟೆಲಿನಲ್ಲೂ ತೀರ್ಮಾನವಾಗಿತ್ತು. ಇಪ್ಪತ್ತನೆಯ ದಿನ ಅಕ್ಕ ಯಾರ ಕೈಯನ್ನೂ ಹಿಡಿಯದೆ ಕುರ್ಚಿಯಿಂದ ಎದ್ದರು. ಎದ್ದವರು ಹಾಗೇ ನಿಂತುಕೊಂಡು ಎಲ್ಲರನ್ನೂ ಒಂದು ಸುತ್ತು ನೋಡಿದರು. ಮೇಡಂ ಜೋರಾಗಿ ವಿಸಿಲ್ ಊದಿದರು. ಮಂಟಪದ ಅಡುಗೆಮನೆಯಲ್ಲಿ ಶ್ರಾವಣದ ಮದುವೆಗಳಿಗೆಂದು ಪಾತ್ರೆ ತೊಳೆಯುತ್ತಿದ್ದವರು ಏನಾಯಿತೋ ಎಂದು ಓಡಿ ಬಂದರು.

ಶ್ರಾವಣ ಬಂದದ್ದು ನಮಗೆ ದುಃಖದ ಸಂಗತಿಯಾಯಿತು. ಒಳ್ಳೆಯ ಮುಹೂರ್ತಗಳು ಸಾಲುಗಟ್ಟಿ ನಿಂತವು. ಊರಿನ ಹುಡುಗ ಹುಡುಗಿಯರೆಲ್ಲ ಇದೇ ವರ್ಷ ಮದುವೆಯಾಗಬೇಕೆಂದು ಹಟ ಹಿಡಿದಂತಿತ್ತು. ಪಂಚಾಂಗ ತೆಗೆದು ಕೆಟ್ಟ ದಿನಗಳನ್ನು ಹುಡುಕಿ ಗುರುತು ಹಾಕಿಕೊಳ್ಳುವ ಏಕೈಕ ಗುಂಪು ನಮ್ಮದಾಗಿತ್ತು. ಅಮಾವಾಸ್ಯೆಯೆಂದರೆ ನಮಗೆ ಹಬ್ಬ. ಒಂದು ಮಂಗಳವಾರ, ಇವತ್ತು ಏನೂ ಇರುವುದಿಲ್ಲ ಎಂದು ನಂಬಿ ಆರು ಜನ ಒಳಗೆ ನುಗ್ಗಿದರೆ ಅಲ್ಲಿ ನಾಮಕರಣ. ಯಾರೋ ಪನ್ನೀರು ಚಿಮುಕಿಸಿಬಿಟ್ಟರು, ಇನ್ಯಾರೋ ಎಲೆಯ ಮುಂದೆ ಕೂರಿಸಿದರು. ಮೇಡಂ ಕುತ್ತಿಗೆಯಲ್ಲಿ ವಿಸಿಲ್ ಹಾಕಿಕೊಂಡೇ ಕೇಸರಿಬಾತು ತಿಂದರು. ಮಗು ಯಾರದು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಹೆಸರು ಮಾತ್ರ ಚೆನ್ನಾಗಿತ್ತು.

ಹದಿನೇಳು ಹತ್ತಾಯಿತು, ಹತ್ತು ಐದಾಯಿತು. ಮೊದಲು ನಿಂತದ್ದು ದೂರದ ಬೀದಿಯವರು. "ಬಂದು ಬೀಗ ನೋಡ್ಕೊಂಡು ಹೋಗೋಕೆ ಅಷ್ಟು ದೂರ ಯಾಕೆ ನಡೀಬೇಕು?" ಎಂದು ಒಬ್ಬರು ಕೇಳಿದರು. ಮನೆಯಲ್ಲೇ ಮಾಡಿಕೊಳ್ಳಿ ಎಂದು ಮೇಡಂ ಎಲ್ಲರಿಗೂ ಹೇಳಿದ್ದರು. ಮನೆಯಲ್ಲಿ ಮಾಡಿದವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ. ಮನೆಯಲ್ಲಿ ಕುಕ್ಕರ್ ಕೂಗುತ್ತದೆ.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಎದುರು ಮನೆಯಿಂದ ಮಗಳ ಕೂಗು ಕೇಳಿ ಓಡಿದೆ. ಅಕ್ಕ ಹಿತ್ತಲ ನಲ್ಲಿಯ ಹತ್ತಿರ ಜಾರಿ ಬಿದ್ದಿದ್ದರು. ಮೂಳೆ ಮುರಿದಿರಲಿಲ್ಲ, ಸೊಂಟ, ಮೊಣಕೈ ಕಂದಿತ್ತು. ಆದರೆ ಹೆದರಿಕೆ ಒಳಗೆ ಹೊಕ್ಕುಬಿಟ್ಟಿತು. ಮಂಚ ಬಿಟ್ಟು ಇಳಿಯಲಿಲ್ಲ. ಕರೆದರೆ, "ನಂದು ಆಯ್ತು ಬುಡವ್ವ," ಎಂದು ಗೋಡೆಯ ಕಡೆ ತಿರುಗಿದರು. ಆ ಮಾತು ನನಗೆ ಬಹಳ ಕೋಪ ತರಿಸಿತು. ಅವರ ಮೇಲಲ್ಲ. ನೂರು ಹೆಜ್ಜೆಯಾಚೆ ಏಳು ಯಂತ್ರಗಳು ಮೈಮೇಲೆ ಒಂದು ಗೀರೂ ಇಲ್ಲದೆ ಹೊಳೆಯುತ್ತ ನಿಂತಿದ್ದವು.

ಹದಿನೈದು ದಿನ ನಾನೂ ಮೇಡಮ್ಮೂ ಅವರ ಮಂಚದ ಹತ್ತಿರವೇ ಹೋಗಿ ಕೂತು, ಮಂಚದಿಂದಲೇ ಏಳಿಸಿ ಕೂರಿಸಿ ಮಾಡಿಸಿದೆವು. ದೀಪಾವಳಿಯ ಹೊತ್ತಿಗೆ ಕೋಲು ಹಿಡಿದು ಬಾಗಿಲವರೆಗೆ ಬಂದರು. ಹಬ್ಬ ಕಳೆದ ಭಾನುವಾರ ಕ್ಷೇಮಾಭಿವೃದ್ಧಿ ಸಂಘದ ಸಭೆಯಿತ್ತು. ಸಾಮಾನ್ಯವಾಗಿ ಅದಕ್ಕೆ ಹೋಗುವವರು ಗಂಡಸರೇ. ಚರ್ಚೆಯ ವಿಷಯ ಚರಂಡಿ, ತಿಂಡಿಯ ವಿಷಯ ಬೋಂಡ. ಕೋಲು ಹಿಡಿದ ಅಕ್ಕನೂ ಸೇರಿ ನಾವು ಒಂಬತ್ತು ಜನ ಹೆಂಗಸರು ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ನಮ್ಮ ಯಜಮಾನರು ಹಿಂದಿನ ಸಾಲಿನಲ್ಲಿ, ನಾನು ಯಾರೋ ಗೊತ್ತೇ ಇಲ್ಲವೆಂಬ ಹಾಗೆ ಕೂತಿದ್ದರು.

ಬೆಳಿಗ್ಗೆ ಐದೂವರೆಗೆ ಗೇಟು ತೆಗೆಯಿರಿ ಎಂದು ನಾನು ಕೇಳಿದೆ. ಅಧ್ಯಕ್ಷರು ಶಾಂತವಾಗಿ ವಿವರಿಸಿದರು: "ಮೇಡಂ, ನಿಮ್ಮ ಭಾವನೆ ಅರ್ಥ ಆಗುತ್ತೆ. ಆದರೆ ಎಕ್ವಿಪ್ಮೆಂಟು ನೋಡಿ, ಬಹಳ ಸೂಕ್ಷ್ಮ. ಐದು ವರ್ಷ ಗ್ಯಾರಂಟಿ ಇದೆ. ದುರುಪಯೋಗ ಆದ್ರೆ ಗ್ಯಾರಂಟಿ ಹೋಗುತ್ತೆ."

"ಉಪಯೋಗವೇ ಆಗಿಲ್ಲವಲ್ಲ ಸರ್," ಎಂದೆ.

"ಅದಕ್ಕೇ ಹೊಸದರ ಹಾಗಿದೆ," ಎಂದು ಅವರು ಹೆಮ್ಮೆಪಟ್ಟರು.

ಆಗ ಅಕ್ಕ ಕುರ್ಚಿಯಿಂದ ಎದ್ದರು. ಕೋಲು ಪಕ್ಕಕ್ಕೆ ಒರಗಿಸಿಟ್ಟು, ಕೈ ಊರದೆ ಎದ್ದರು. ಅದು ಎಷ್ಟು ದೊಡ್ಡ ಸಂಗತಿ ಎಂದು ಆ ಸಭೆಯಲ್ಲಿ ನಮ್ಮ ಒಂಬತ್ತು ಜನರಿಗೆ ಮಾತ್ರ ಗೊತ್ತು.

"ಸಾ," ಎಂದರು, "ಆ ಕಬ್ಣಕ್ಕೆ ಐದೊರ್ಸ ಗ್ಯಾರಂಟಿ ಐತೆ ಅಂದ್ರಲ್ಲ, ಸಂತೋಸ. ನಂಗೆ ಯಾರೂ ಬರ್ಕೊಟ್ಟಿಲ್ಲ ಸಾ. ನಾನಿರೋಗಂಟ ವಸಿ ತೆಗ್ದಿರಿ. ನಾ ಓದ್ಮೇಲೆ ಬೀಗ ಆಕ್ಕೊಂಡು ಚೆನ್ನಾಗಿ ಮಡಿಕ್ಕಳಿ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿನಿಂದ ನಮ್ಮ ಯಜಮಾನರ ದನಿ ಕೇಳಿತು: "ತೆಗೀರಿ ಸಾರ್, ಏನಾಗುತ್ತೆ." ಮದುವೆಯಾದ ಮೇಲೆ ಸಾರ್ವಜನಿಕವಾಗಿ ಅವರು ನನ್ನ ಪರ ಮಾತಾಡಿದ್ದು ಅದೇ ಮೊದಲು, ಬೋಂಡ ತಡವಾಗುತ್ತಿದೆ ಎಂದೂ ಇರಬಹುದು.

ಗೇಟು ತೆರೆಯಿತು, ಷರತ್ತಿನ ಮೇಲೆ. ಬೆಳಿಗ್ಗೆ ಎರಡು ಗಂಟೆ ಮಾತ್ರ. ಒಳಗೆ ಬಂದವರು ಯಾವ ಯಂತ್ರವನ್ನು ಎಷ್ಟು ನಿಮಿಷ ಬಳಸಿದರು ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಸಹಿ ಬಾರದ ಇಬ್ಬರು ಹೆಬ್ಬೆಟ್ಟು ಒತ್ತಿದರು. ಯಂತ್ರಕ್ಕೆ ಆಸ್ತಿ ಬರೆದುಕೊಟ್ಟ ಹಾಗೆ ಕಾಣುತ್ತಿತ್ತು. ಒಂದು ವಾರವಾದ ಮೇಲೆ ಕಾವಲುಗಾರನೇ ಬೇಸತ್ತು, "ನಾನೇ ಏನಾರ ಬರ್ಕತೀನಿ, ಓಗ್ರಮ್ಮ," ಎಂದ. ಆ ಪುಸ್ತಕದ ಪ್ರಕಾರ ನಾನು ಒಂದು ದಿನ ಏರ್ ವಾಕರ್ ಎಂಬ ಆಕಾಶನಡಿಗೆಯ ಯಂತ್ರದ ಮೇಲೆ ಮೂರು ಗಂಟೆ ಇದ್ದೆ.

ಗೇಟು ತೆರೆದ ದಿನವೇ ಇನ್ನೊಂದು ತೊಂದರೆ ಎದುರಾಗಿತ್ತು, ಒಳಗೆ ಹೋಗಲು ಮೊಣಕಾಲೆತ್ತರದ ಒಂದು ಕಟ್ಟೆ ದಾಟಬೇಕು. ದನ ನುಗ್ಗಬಾರದೆಂದು ಕಟ್ಟಿದ್ದಂತೆ. ದನಗಳು ಸಲೀಸಾಗಿ ದಾಟುತ್ತಿದ್ದವು. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು ದಾಟಬೇಕಿತ್ತು. ಅಕ್ಕ ಎರಡು ದಿನ ಹೇಗೋ ದಾಟಿದರು. ಮೂರನೆಯ ದಿನ ಅಲ್ಲೇ ನಿಂತು ಕಟ್ಟೆಯನ್ನು ಕಣ್ಣಳತೆಯಲ್ಲಿ ಅಳೆದರು.

"ಕೊಟ್ಗೆ ಬಾಗ್ಲಿಗೆ ನಾವು ಇಳಿಜಾರು ಮಾಡ್ತೀವಿ ಕಣವ್ವ. ಸಿಮೆಂಟು ಅಸಿ ಇದ್ದಂಗೇ ಕಡ್ಡೀಲಿ ಗೆರೆ ಎಳೀತೀವಿ, ಗಬ್ಬದ ಅಸ ಜಾರ್ಬಾರ್ದು ಅಂತ. ದನಕ್ಕೆ ಮಾಡೋ ಬುದ್ದಿವಂತ್ಕೆ ಮನ್ಸಂಗೆ ಯಾಕ್ ಮಾಡಿಲ್ಲ ಇವ್ರು?"

ಅಕ್ಕನ ಅಳಿಯ ಮನೆಯ ಮುಂದೆ ಉಳಿದಿದ್ದ ಸಿಮೆಂಟು, ಮರಳು ಕೊಟ್ಟರು. ಪರಿಚಯದ ಗಾರೆಯವರೊಬ್ಬರು ಒಂದು ಬೆಳಿಗ್ಗೆಯಲ್ಲಿ ಇಳಿಜಾರು ಮಾಡಿ ಮುಗಿಸಿದರು. ಅಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, "ಗೆರೆ ಇನ್ನೊಸಿ ಆಳ," ಎಂದು ಮೇಸ್ತ್ರಿಕೆ ಮಾಡಿದರು. ಪಕ್ಕದಲ್ಲಿ ಹಿಡಿಯಲು ಒಂದು ಪೈಪೂ ನಿಂತಿತು. ಅನುಮತಿಯಿಲ್ಲದೆ ಕಾಮಗಾರಿ ಮಾಡಿದ್ದಕ್ಕೆ ವಿವರಣೆ ಕೊಡಬೇಕೆಂದು ಸಂಘದಿಂದ ನನಗೆ ಚೀಟಿ ಬಂತು. ಮೂರು ವಾರದ ನಂತರ ಅದೇ ಸಂಘ ಅದೇ ಇಳಿಜಾರಿಗೆ ಟೇಪು ಕಟ್ಟಿ, ಕತ್ತರಿಸಿ, ಉದ್ಘಾಟನೆ ಮಾಡಿತು. ಅಧ್ಯಕ್ಷರು ಭಾಷಣದಲ್ಲಿ "ಹಿರಿಯರ ಕಷ್ಟವನ್ನು ಮನಗಂಡು" ಎಂದರು. ಮೈಸೂರುಪಾಕು ಮಾತ್ರ ಈ ಸಲ ಸ್ವಲ್ಪ ಗಟ್ಟಿಯಿತ್ತು. ಅಕ್ಕ ಎರಡು ತಿಂದರು.

ಈಗ ವರ್ಷದ ಮೇಲಾಯಿತು. ದಿನಾ ಹನ್ನೆರಡು ಹದಿನಾಲ್ಕು ಜನ ಬರುತ್ತೇವೆ. ಜೈನರ ಮನೆಯ ಹಿರಿಯರು ಚೆನ್ನರಾಯಪಟ್ಟಣದ ನೆಂಟರ ಜೊತೆ ಹೋಗಿ ಬೆಟ್ಟವನ್ನು ಅರ್ಧದವರೆಗೆ ಹತ್ತಿ, ಉಳಿದರ್ಧಕ್ಕೆ ಡೋಲಿ ಮಾಡಿಕೊಂಡರು. ಅರ್ಧ ಡೋಲಿ ಅಂತ ಒಂದು ಇರುತ್ತದೆಂದು ಅವರಿಂದಲೇ ಗೊತ್ತಾದದ್ದು. ನನ್ನ ಮಂಡಿ ಸವೆದದ್ದು ಸವೆದೇ ಇದೆ, ಆದರೆ ನೋವಿನ ಮಾತ್ರೆ ತಿಂಗಳಿಗೊಮ್ಮೆಯೋ ಎರಡು ಸಲವೋ. ಗಂಡಸರೂ ಬರತೊಡಗಿದ್ದಾರೆ. ಬಂದವರು ಯಂತ್ರದ ಮೇಲೆ ಕೂತು ರಾಜಕೀಯ ಮಾತಾಡುತ್ತಾರೆ. ಕಾಲು ಅಲ್ಲಾಡಿಸಿ ಎಂದು ಮೇಡಂ ವಿಸಿಲ್ ಊದುತ್ತಾರೆ.

ಹೋದ ತಿಂಗಳು ಒಂದು ದಿನ ಅಕ್ಕ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದರೆ, ಐದೂವರೆಗೇ ಹೊರಟರಲ್ಲ ಎಂದಳು ಮಗಳು. ನಾನು ಒಂದು ಕಡೆ, ಮೇಡಂ ಒಂದು ಕಡೆ ಹುಡುಕಲು ಹೋದೆವು. ಮೂರು ಬೀದಿಯಾಚೆ, ತಿರುವಿನಲ್ಲಿ ನನಗೆ ಅವರು ಕಂಡರು. ಒಬ್ಬರೇ ಇರಲಿಲ್ಲ. ಆ ಶ್ರಾವಣದಲ್ಲಿ ಮಂಟಪಕ್ಕೆ ಬರುವುದನ್ನು ಮೊದಲು ಬಿಟ್ಟಿದ್ದ ದೂರದ ಬೀದಿಯ ಹೆಂಗಸನ್ನು ಕೈ ಹಿಡಿದು, ಹೆಜ್ಜೆ ಹೆಜ್ಜೆಗೂ ನಿಂತು, ನಡೆಸಿಕೊಂಡು ಬರುತ್ತಿದ್ದರು. ಆಕೆ ಅಳುವ ದನಿಯಲ್ಲಿ ಬೇಡ ಬೇಡ ಎನ್ನುತ್ತಿದ್ದರು.

"ಇವ್ಳು ಮಂಚ ಇಡ್ಕಂಡವ್ಳೆ ಅಂತ ಗೊತ್ತಾಯ್ತು ಕಣವ್ವ," ಎಂದರು ಅಕ್ಕ, ನನ್ನನ್ನು ನೋಡಿ. "ನಿಂಗೆ ಏಳಿದ್ರೆ ನೀನು ಇಂಗ್ಲೀಸಲ್ಲಿ ಬುದ್ದಿ ಏಳ್ತಿದ್ದೆ. ಅದ್ಕೆ ನಾನೇ ಓದೆ. ಇಡ್ಕ, ಆ ಕಡೆ ಕೈ ಇಡ್ಕ."

ನಾನು ಇನ್ನೊಂದು ಕೈ ಹಿಡಿದೆ. ಐದು ನಿಮಿಷದ ದಾರಿ. ಆಕೆಗೆ ನಾಲ್ಕು ಮನೆ ದಾಟುವಷ್ಟರಲ್ಲಿ ಸುಸ್ತು. ಯಾರದೋ ಮನೆಯ ಜಗಲಿಯ ಮೇಲೆ ಮೂವರೂ ಕೂತೆವು. ಮನೆಯವರು ಹೊರಗೆ ಬಂದು ನೋಡಿ, ಏನೂ ಕೇಳದೆ ಒಳಗೆ ಹೋಗಿ ಮೂರು ಲೋಟ ಕಾಫಿ ತಂದರು. ಆ ದಿನ ನಾವು ಪಾರ್ಕು ತಲುಪಲಿಲ್ಲ. ಕಾಫಿ ಕುಡಿದ ಮೇಲೆ ಅಕ್ಕ ಆಕೆಯ ಕಡೆ ತಿರುಗಿ, "ಈಗ ಕೈ ಊರ್ದೆ ಏಳು ನೋಡಾನ," ಎಂದರು. ಆಕೆ ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ನಮ್ಮಿಬ್ಬರ ಹೆಗಲು ಹಿಡಿದು ಎದ್ದರು.